ಸೇಡಂ ರಸ್ತೆಯಲ್ಲಿ ನನ್ನ ಡ್ಯೂಟಿ, ಕಪನೂರಿನಲ್ಲಿ ನಮ್ಮೆಜಮಾನರದು. ಕಲಬುರಗಿಯಲ್ಲಿ ಬಾಡಿಗೆ ಮನೆ ಎಲ್ಲಿ ನೋಡಲಿ?

ದಾವಣಗೆರೆಯವಳು
ಶನಿವಾರ, ರಾತ್ರಿ 9:20

ಎಲ್ಲರಿಗೂ ನಮಸ್ಕಾರ. ನಾವು ಕಲಬುರಗಿಗೆ ಹೊಸಬರು. ಸೇಡಂ ರಸ್ತೆಯ ಒಂದು ಆಸ್ಪತ್ರೆಯಲ್ಲಿ ನನಗೆ ಲ್ಯಾಬ್ ಟೆಕ್ನಿಷಿಯನ್ ಕೆಲಸ ಸಿಕ್ಕಿದೆ. ಮೇ ಒಂದಕ್ಕೆ ಸೇರಬೇಕು. ನಮ್ಮ ಯಜಮಾನರು ಕಪನೂರು ಇಂಡಸ್ಟ್ರಿಯಲ್ ಏರಿಯಾದ ದಾಲ್ ಮಿಲ್ ಒಂದರಲ್ಲಿ ಲೆಕ್ಕ ಬರೆಯೋಕೆ ಸೇರುತ್ತಾರೆ. ಮಗಳು ಈ ಜೂನ್‌ಗೆ ಒಂದನೇ ಕ್ಲಾಸು. ಮನೆಯಲ್ಲಿ ಇರೋದು ಒಂದೇ ಸ್ಕೂಟಿ. ನನಗೆ ವಾರಕ್ಕೆ ಎರಡು ರಾತ್ರಿ ಪಾಳಿ ಬರುತ್ತದೆ.

ಬಾಡಿಗೆ ಎಂಟು ಸಾವಿರ ದಾಟುವ ಹಾಗಿಲ್ಲ. ಎರಡು ರೂಮು, ಒಂದು ಅಡುಗೆಮನೆ ಇದ್ದರೆ ಸಾಕು. ಮ್ಯಾಪ್‌ನಲ್ಲಿ ನೋಡಿದರೆ ಎಲ್ಲವೂ ಹತ್ತಿರವೇ ಕಾಣುತ್ತದೆ, ಯಾವುದನ್ನು ಆರಿಸಬೇಕೋ ತಿಳಿಯುತ್ತಿಲ್ಲ. ಬ್ರೋಕರ್ ಒಬ್ಬರು ಮೂರು ಮನೆಯ ಫೋಟೊ ಕಳಿಸಿದ್ದಾರೆ. ಇವತ್ತೇ ಟೋಕನ್ ಹಾಕಿ, ನಾಳೆ ಸಿಗಲ್ಲ ಅಂತಿದ್ದಾರೆ. ಹಾಕಲಾ?

ಫರಸಿ ಕಲ್ಲು
ಶನಿವಾರ, ರಾತ್ರಿ 9:41

ಹಾಕಬೇಡಿ. ಫೋಟೊದಲ್ಲಿ ನೀರು ಕಾಣಲ್ಲ, ಬಿಸಿಲೂ ಕಾಣಲ್ಲ. ಈ ಊರಲ್ಲಿ ಮನೆ ಅಂದರೆ ಅವೆರಡೇ.

ನಾನು 2016ರಿಂದ ಇಲ್ಲಿ ನಾಲ್ಕು ಮನೆ ಬದಲಿಸಿದ್ದೇನೆ. ಮೊದಲನೆಯದನ್ನು ಡಿಸೆಂಬರ್‌ನಲ್ಲಿ ಹಿಡಿದೆ. ಮೇಲಿನ ಮಹಡಿ, ಮೂರು ಕಡೆ ಕಿಟಕಿ, ಒಳ್ಳೆ ಗಾಳಿ. ಎಷ್ಟು ಚಲೋ ಮನೆ ಸಿಕ್ಕಿತು ಅಂತ ಊರಿಗೆಲ್ಲ ಹೇಳಿಕೊಂಡು ಬಂದೆ. ಮಾರ್ಚ್ ಕೊನೆಗೆ ಗೊತ್ತಾಯಿತು, ಅದು ಮನೆಯಲ್ಲ, ರೊಟ್ಟಿ ಸುಡುವ ಹಂಚು. ರಾತ್ರಿ ಹನ್ನೊಂದಕ್ಕೆ ಗೋಡೆ ಮುಟ್ಟಿದರೆ ಬಿಸಿ. ಮಾಳಿಗೆ ಮೇಲಿನ ಟಾಕಿಯ ನೀರಲ್ಲಿ ಬೆಳಗಿನ ಜಾವ ಮಾತ್ರ ಸ್ನಾನ, ಆಮೇಲೆ ಮುಟ್ಟೋಕಾಗಲ್ಲ. ಇಲ್ಲಿ 42, 43 ಡಿಗ್ರಿ ಅಂದರೆ ಸುದ್ದಿಯೇ ಅಲ್ಲ. ಏಪ್ರಿಲ್, ಮೇನಲ್ಲಿ ಸರ್ಕಾರಿ ಕಚೇರಿಗಳೇ ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1:30ಕ್ಕೆ ಮುಚ್ಚುತ್ತವೆ ಅಂದರೆ ಲೆಕ್ಕ ಹಾಕಿ. ನಿಮ್ಮ ಆಸ್ಪತ್ರೆಗೆ ಆ ಭಾಗ್ಯ ಇಲ್ಲ ಬಿಡಿ.

ಒಂದು ದಿನ ರಜೆ ಹಾಕಿ ಬನ್ನಿ. ಮನೆ ನೋಡೋಕೆ ಬೆಳಿಗ್ಗೆ ಹೋಗಬೇಡಿ, ಮಧ್ಯಾಹ್ನ ಮೂರಕ್ಕೆ ಹೋಗಿ. ಪಡುವಣ ಗೋಡೆಗೆ ಒಳಗಿನಿಂದ ಅಂಗೈ ಇಡಿ. ತಲೆ ಮೇಲೆ ಇನ್ನೊಂದು ಮನೆ ಇದೆಯೋ ಬರೀ ಆಕಾಶವೋ ನೋಡಿ. ನಳ ಎಷ್ಟು ದಿನಕ್ಕೊಮ್ಮೆ ಬರುತ್ತದೆ ಅಂತ ಮಾಲಕರನ್ನು ಕೇಳಬೇಡಿ, ಪಕ್ಕದ ಮನೆಯ ಹೆಂಗಸರನ್ನು ಕೇಳಿ. ಮಾಲಕರು ದಿನಾ ಬರುತ್ತೆ ಅಂತಾರೆ. ಬರೋದು ಬಿಸಿಲು.

ರೊಟ್ಟಿ ಪುಂಡಿಪಲ್ಯ
ಶನಿವಾರ, ರಾತ್ರಿ 9:48

ಬರೋದು ಬಿಸಿಲು 😂 ಇದನ್ನ ರಿಂಗ್ ರೋಡ್‌ನಲ್ಲಿ ಬೋರ್ಡ್ ಬರೆಸಿ ಹಾಕಬೇಕು.

ಗಂಜ್ ಗುಮಾಸ್ತ
ಶನಿವಾರ, ರಾತ್ರಿ 10:15

ಅಕ್ಕಾ, ಬಜೆಟ್ ಎಂಟು ಸಾವಿರ ಅಂದರೆ ಹುಮನಾಬಾದ್ ಬೇಸ್ ಕಡೆ ನೋಡಿ. ನಾನು ನೆಹರೂ ಗಂಜ್‌ನಲ್ಲಿ ಕೆಲಸ ಮಾಡೋದು, ಮನೆ ಅಲ್ಲೇ ಹಿಂದಿನ ಗಲ್ಲಿ. ಎರಡು ಖೋಲಿ, ಅಡುಗೆಮನೆ, ಐದೂವರೆ ಸಾವಿರ. ಕಪನೂರಿಗೆ ನೇರ ರಸ್ತೆ, ಯಜಮಾನರು ಮಧ್ಯಾಹ್ನ ಊಟಕ್ಕೂ ಮನೆಗೆ ಬರಬಹುದು. ದಿನಸಿ ಅಗ್ಗ. ಬೇಳೆ ಅಂತೂ ಕೇಳಲೇಬೇಡಿ, ಮಿಲ್‌ನವರ ಹತ್ತಿರವೇ ಸಿಗುತ್ತೆ.

ಸೇಡಂ ರಸ್ತೆಗೆ ಟಂಟಂ, ಅಂದರೆ ಶೇರ್ ಆಟೋ, ಹಿಡಿದು ಹೋದರಾಯಿತು. ಈ ಊರೇನು ಬೆಂಗಳೂರಾ? ಎಲ್ಲಿಂದ ಎಲ್ಲಿಗೆ ಹೋದರೂ ಅರ್ಧ ಗಂಟೆ.

ರಾತ್ರಿ ಪಾಳಿ
ಶನಿವಾರ, ರಾತ್ರಿ 11:52

ಗುಮಾಸ್ತರೇ, ನಿಮ್ಮ ಅರ್ಧ ಗಂಟೆ ಹಗಲಿನದು. ನಾನು ಸ್ಟಾಫ್ ನರ್ಸ್, ಈಗಲೂ ಡ್ಯೂಟಿಯಲ್ಲೇ ಕೂತು ಬರೆಯುತ್ತಿದ್ದೇನೆ. ರಾತ್ರಿ ಪಾಳಿಗೆ ಎಂಟಕ್ಕೆ ಮನೆ ಬಿಡುವಾಗ ಟಂಟಂ ಸಿಗುತ್ತೆ ನಿಜ. ಆದರೆ ಸಂಜೆ ಪಾಳಿ ಮುಗಿಸಿ ಒಂಬತ್ತೂವರೆಗೆ ಹೊರಗೆ ಬಂದರೆ? ಟಂಟಂನವನು ಸೀಟು ತುಂಬೋವರೆಗೂ ಅಲ್ಲಾಡಲ್ಲ. ಒಬ್ಬಳೇ ಹೆಂಗಸು, ಹಿಂದೆ ನಾಲ್ಕು ಜನ ಗಂಡಸರು. ಇಡೀ ಆಟೋ ಬೇಕೆಂದರೆ ಹೇಳಿದ್ದೇ ರೇಟು. ತಿಂಗಳಿಗೆ ಹತ್ತು ಸಲ ಹಾಗೆ ಕೊಟ್ಟರೆ ಬಾಡಿಗೆಯಲ್ಲಿ ಉಳಿಸಿದ್ದು ಅಲ್ಲೇ ಹೋಯಿತು.

ನಾನು ಎರಡು ವರ್ಷ ದೂರದ ಬಡಾವಣೆಯಲ್ಲಿ ಸಾವಿರದೈನೂರು ಉಳಿಸಿದೆ ಅಂತ ಸುಮ್ನೆ ಖುಷಿಪಟ್ಟೆ. ಆಮೇಲೆ ಲೆಕ್ಕ ಹಾಕಿದರೆ ಆಟೋಗೇ ಅದಕ್ಕಿಂತ ಜಾಸ್ತಿ ಕೊಟ್ಟಿದ್ದೆ. ರಾತ್ರಿ ಪಾಳಿ ಯಾರಿಗಿದೆಯೋ ಅವರ ಕೆಲಸದ ಹತ್ತಿರ ಮನೆ ಮಾಡಬೇಕು. ಗಂಡಸರ ಊಟ ಡಬ್ಬಿಯಲ್ಲೂ ಹೋಗುತ್ತದೆ.

ನಿವೃತ್ತ ಕಂಡಕ್ಟರ್
ಭಾನುವಾರ, ಬೆಳಿಗ್ಗೆ 6:05

ತಂಗಿ, ಮ್ಯಾಪ್ ಬದಿಗಿಡು. ಮೂವತ್ತು ವರ್ಷ ಟಿಕೆಟ್ ಹರಿದವನು ಹೇಳುತ್ತೇನೆ, ಕೇಳು.

ಕಲಬುರಗಿ ಅಂದರೆ ಬಂಡಿಯ ಗಾಲಿ. ನಡುವೆ ಸೂಪರ್ ಮಾರ್ಕೆಟ್, ಜಗತ್ ಸರ್ಕಲ್. ಅಲ್ಲಿಂದ ಅರಗಳ ಹಾಗೆ ರಸ್ತೆಗಳು ಹೊರಡುತ್ತವೆ: ಸೇಡಂ, ಹುಮನಾಬಾದ್, ಆಳಂದ, ಅಫಜಲಪುರ, ಜೇವರ್ಗಿ. ಸುತ್ತ ಬಳೆ ಹಾಕಿದಂತೆ ರಿಂಗ್ ರೋಡ್. ಸಿಟಿ ಬಸ್ಸೆಲ್ಲ ಸೂಪರ್ ಮಾರ್ಕೆಟ್‌ನಿಂದ ಹೊರಡುತ್ತವೆ. ಅಂದರೆ ಒಂದು ಅರದಿಂದ ಇನ್ನೊಂದು ಅರಕ್ಕೆ ಬಸ್ಸಿನಲ್ಲಿ ಹೋಗಬೇಕಾದರೆ ನಡುಮಧ್ಯಕ್ಕೆ ಬಂದು ಇಳಿದು ಹತ್ತಬೇಕು. ಸ್ವಂತ ಗಾಡಿ ಇದ್ದವನು ಆ ಬಳೆಯ ಮೇಲೆ ಸರ್‍ರನೆ ಹೋಗಿಬಿಡುತ್ತಾನೆ. ಸೇಡಂ ರಿಂಗ್ ರೋಡ್‌ನಿಂದ ಹುಮನಾಬಾದ್ ರಿಂಗ್ ರೋಡ್‌ಗೆ ಸ್ಕೂಟಿಯಲ್ಲಿ ಎಷ್ಟು ಹೊತ್ತು? ಅಲ್ಲಿಂದ ಕಪನೂರು ಪಕ್ಕದಲ್ಲೇ.

ಹಾಗಾಗಿ ಸ್ಕೂಟಿ ಯಜಮಾನರಿಗೆ ಕೊಡು. ನೀನು ಸೇಡಂ ರಸ್ತೆಯ ಅರದ ಮೇಲೇ ಮನೆ ಮಾಡು. 2023ರ ಜೂನ್‌ನಿಂದ ಹೆಣ್ಣುಮಕ್ಕಳಿಗೆ ನಮ್ಮ ಬಸ್ಸಿನಲ್ಲಿ ಟಿಕೆಟ್ಟಿಗೆ ದುಡ್ಡೇ ಇಲ್ಲ, ಆಧಾರ್ ಕಾರ್ಡ್ ತೋರಿಸಿದರೆ ಸಾಕು. ಸೇಡಂ ರಸ್ತೆಗೆ ಓಡಾಟವೂ ಹೆಚ್ಚು. ಜಿಲ್ಲಾಸ್ಪತ್ರೆ, ಜಯದೇವ, ಇಎಸ್‌ಐ, ಮುಂದೆ ವಿಶ್ವವಿದ್ಯಾಲಯ, ಇನ್ನೂ ಮುಂದೆ ಹೋದರೆ ವಿಮಾನ ನಿಲ್ದಾಣ, ಎಲ್ಲ ಒಂದೇ ಸಾಲು.

ಇನ್ನೊಂದು ಮಾತು. ರೈಲ್ವೆ ಹಳಿ ಆಚೆ, ಜೇವರ್ಗಿ ರಸ್ತೆ ಕಡೆ ಚಲೋ ಕಾಲೊನಿಗಳಿವೆ. ಎನ್‌ಜಿಓ ಕಾಲೊನಿ, ಬಡೇಪುರ, ಇನ್ನೂ ಮುಂದೆ ಕೋಟನೂರ. ನೌಕರರ ಮಂದಿ ಇರೋ ಜಾಗ, ಕಿರಿಕಿರಿ ಕಡಿಮೆ. ಆದರೆ ನಿಮ್ಮಿಬ್ಬರಿಗೂ ಅದು ತಿರುಗಾ ಮುರುಗಾ. ದೊಡ್ಡ ಮಳೆ ಬಂದರೆ ಹಳಿ ಕೆಳಗಿನ ದಾರಿಯಲ್ಲಿ ನೀರು ನಿಲ್ಲುತ್ತದೆ. ಅಂಥ ಸಂಜೆ ಎಷ್ಟು ಟ್ರಿಪ್ ಸುತ್ತು ಹಾಕಿಕೊಂಡು ಹೋಗಿದ್ದೇವೋ ಲೆಕ್ಕವಿಲ್ಲ.

ಗಂಜ್ ಗುಮಾಸ್ತ
ಭಾನುವಾರ, ಬೆಳಿಗ್ಗೆ 8:30

ಕಾಕಾ ಹೇಳಿದ ಮೇಲೆ ಮುಗಿಯಿತು. ರಾತ್ರಿ ಪಾಳಿ ವಿಷಯ ನಾನು ಯೋಚಿಸಿರಲಿಲ್ಲ, ತಪ್ಪಾಯಿತು ಅಕ್ಕಾ. ಆದರೂ ಒಂದು ಹೇಳುತ್ತೇನೆ, ರಿಂಗ್ ರೋಡ್‌ನಲ್ಲಿ ಲಾರಿ ಜಾಸ್ತಿ. ತೊಗರಿ ಹಂಗಾಮಿನಲ್ಲಿ, ಡಿಸೆಂಬರ್‌ನಿಂದ ಮುಂದೆ, ಟ್ರ್ಯಾಕ್ಟರ್‌ಗಳು ಸಾಲು ಸಾಲು. ಹಿಂದೆ ಕೆಂಪು ದೀಪವೂ ಇರಲ್ಲ. ಮಿಲ್‌ನಲ್ಲಿ ಆಗ ಕೆಲಸ ಮುಗಿಯೋದೂ ತಡ. ಯಜಮಾನರಿಗೆ ಹೆಲ್ಮೆಟ್ ಹಾಕಿಕೊಂಡು ನಿಧಾನ ಬರೋಕೆ ಹೇಳಿ.

ದಾವಣಗೆರೆಯವಳು
ಭಾನುವಾರ, ಬೆಳಿಗ್ಗೆ 10:10

ಎಲ್ಲರಿಗೂ ಥ್ಯಾಂಕ್ಸ್. ಟೋಕನ್ ಹಾಕಲಿಲ್ಲ. ಬ್ರೋಕರ್ ಸಿಟ್ಟಾಗಿದ್ದಾರೆ, ಇರಲಿ.

ಬರುವ ಬುಧವಾರ ಬರುತ್ತಿದ್ದೇವೆ. ನಾಲ್ಕು ಮನೆ ಗುರುತು ಮಾಡಿಕೊಂಡಿದ್ದೇನೆ. ವೀರೇಂದ್ರ ಪಾಟೀಲ ಬಡಾವಣೆಯಲ್ಲಿ ಒಂದು, ಜಯನಗರದಲ್ಲಿ ಒಂದು, ರಿಂಗ್ ರೋಡ್ ಆಚೆ ಹೊಸ ಲೇಔಟ್‌ನಲ್ಲಿ ಒಂದು, ಬ್ರಹ್ಮಪುರದಲ್ಲಿ ಹಳೇ ಮನೆ ಒಂದು. ಹೊಸ ಲೇಔಟಿನದೇ ನೋಡೋಕೆ ಚಂದ. ಟೈಲ್ಸ್ ಇದೆ, ಕಾರ್ ನಿಲ್ಲಿಸೋಕೆ ಜಾಗವಿದೆ, ಬಾಡಿಗೆ ಬರೀ ಆರು ಸಾವಿರ. ಅದು ಯಾಕೆ ಅಷ್ಟು ಕಡಿಮೆ?

ರೊಟ್ಟಿ ಪುಂಡಿಪಲ್ಯ
ಭಾನುವಾರ, ಬೆಳಿಗ್ಗೆ 10:22

ಯಾಕೆ ಅಂತ ಜುಲೈನಲ್ಲಿ ಗೊತ್ತಾಗುತ್ತೆ. ನಮ್ಮದು ಎರೆ ಮಣ್ಣು. ಲೇಔಟ್ ಒಳಗಿನ ರಸ್ತೆ ಡಾಂಬರ್ ಆಗಿಲ್ಲ ಅಂದರೆ ಮೊದಲ ಮಳೆಗೆ ಚಪ್ಪಲಿ ಅಲ್ಲೇ ಬಿಟ್ಟು ಬರಬೇಕು. ಸ್ಕೂಟಿ ಚಕ್ರಕ್ಕೆ ಮಣ್ಣು ಸುತ್ತಿಕೊಂಡು ಮಡ್‌ಗಾರ್ಡ್‌ಗೆ ತುಂಬಿ ಗಾಡಿ ಮುಂದೆ ಹೋಗಲ್ಲ, ಹಿಂದೆಯೂ ಬರಲ್ಲ. ಕಡ್ಡಿ ತಗೊಂಡು ಕೆರೆದು ತೆಗೀಬೇಕು. ನಾನು ಹಾಗೆ ಕೆರೀತಾ ಕೂತಾಗಲೇ ಆಫೀಸಿನಿಂದ ಫೋನ್ ಬಂದಿತ್ತು, ಎಲ್ಲಿದ್ದೀರಿ ಅಂತ. ಹೊಲದಲ್ಲಿದ್ದೇನೆ ಸರ್ ಅಂದೆ. ಸುಳ್ಳೇನಲ್ಲ.

ಗೋಡೆ ಬಿರುಕು ನೋಡಿ. ಎರೆ ಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕುಗ್ಗುತ್ತದೆ. ಪಾಯ ಸರಿ ಹಾಕದಿದ್ದರೆ ಹೊಸ ಮನೆಯೂ ಬಾಗಿಲ ಮೂಲೆಯಿಂದ ಸೀಳುತ್ತದೆ. ಹೊಸ ಬಣ್ಣದ ಕೆಳಗೆ ಓರೆ ಗೆರೆ ಕಂಡರೆ ಅದೇ.

ಫರಸಿ ಕಲ್ಲು
ಭಾನುವಾರ, ಬೆಳಿಗ್ಗೆ 11:00

ಹೊಸ ಲೇಔಟಿಗೆ ನಳದ ಪೈಪು ಬಂದಿದೆಯೋ ಮೊದಲು ಕೇಳಿ. ಭೀಮಾ, ಬೆಣ್ಣೆತೊರಾ ನೀರು ಊರೊಳಗೆ ಬರೋದೇ ದಿನ ಬಿಟ್ಟು ದಿನ ಬಿಟ್ಟು. 24 ಗಂಟೆ ನೀರಿನ ಕೆಲಸಕ್ಕೆ ಅಂತ ರಸ್ತೆ ಅಗೆದದ್ದಂತೂ ಎಲ್ಲರೂ ನೋಡಿದ್ದೇವೆ. ಅಂಚಿನ ಬಡಾವಣೆಗಳಲ್ಲಿ ಬರೀ ಬೋರ್ ಇದ್ದರೆ ಅದು ಸವಳು. ಬಟ್ಟೆಗೆ ನೊರೆ ಬರಲ್ಲ, ಕೂದಲು ಉದುರುತ್ತೆ ಅಂತ ಮನೆಯವರು ಬೈತಾರೆ. ತೊಗರಿಯ ಊರಲ್ಲಿ ಕೂತು ಬೇಳೆ ಬೇಯಲಿಲ್ಲ ಅಂತ ಅಳೋದು ಅಂದರೆ ಏನು ಹೇಳಲಿ? ಮೂರು ಸೀಟಿ ಸಾಲದೆ ಎಂಟು ಸೀಟಿ. ಗ್ಯಾಸ್ ಖರ್ಚು ಬಾಡಿಗೆಗೆ ಸೇರಿಸಿಕೊಳ್ಳಿ.

ಬೇಸಿಗೆಯಲ್ಲಿ ಇನ್ನೊಂದು ತಮಾಷೆ ಇದೆ. ಕೂಲರ್ ಇಲ್ಲದೆ ಆಗಲ್ಲ. ಕೂಲರ್‌ಗೆ ದಿನಕ್ಕೆ ಮೂರು ನಾಲ್ಕು ಕೊಡ ನೀರು ಬೇಕು. ನಳ ತಡವಾಗೋದೂ ಅದೇ ತಿಂಗಳಲ್ಲಿ. ಅದಕ್ಕೇ ನಾನು ನೀರು, ಬಿಸಿಲು ಎರಡೂ ಒಂದೇ ಅಂದಿದ್ದು. ಸಂಪು ಇರೋ ಮನೆ, ಮೇಲೆ ಇನ್ನೊಂದು ಮನೆ ಇರೋ ಮನೆ, ಇವೆರಡು ಸಿಕ್ಕರೆ ಉಳಿದದ್ದು ಹೇಗಾದರೂ ನಡೆಯುತ್ತದೆ.

ಮೀಟರ್ ನೋಡ್ರಿ
ಭಾನುವಾರ, ಮಧ್ಯಾಹ್ನ 12:40

ಕೂಲರ್ ಮಾತು ಬಂತು, ಕರೆಂಟ್ ಮಾತೂ ಆಡಿಬಿಡೋಣ. ಗೃಹಜ್ಯೋತಿ ಬಾಡಿಗೆಯವರಿಗೂ ಸಿಗುತ್ತದೆ. ಆದರೆ ನಿಮ್ಮ ಮನೆಗೆ ಬೇರೆ ಮೀಟರ್ ಇರಬೇಕು. ಮಾಲಕರ ಮನೆ, ನಿಮ್ಮ ಮನೆ, ಮೇಲಿನ ಖೋಲಿ ಮೂರಕ್ಕೂ ಒಂದೇ ಮೀಟರ್ ಆದರೆ ಬೇಸಿಗೆಯಲ್ಲಿ 200 ಯೂನಿಟ್ ದಾಟೋದು ಗ್ಯಾರಂಟಿ. ದಾಟಿದ ತಿಂಗಳು ಪೂರಾ ಬಿಲ್ಲು. ಆಗ ಮಾಲಕರು ಯೂನಿಟ್‌ಗೆ ಇಷ್ಟು ಅಂತ ತಮ್ಮದೇ ರೇಟು ಹೇಳುತ್ತಾರೆ.

ಹಿಂದಿನ ಬಾಡಿಗೆಯವರು ಅದೇ ಮೀಟರ್‌ಗೆ ತಮ್ಮ ಆಧಾರ್ ಜೋಡಿಸಿದ್ದರೆ ಅದನ್ನು ಬಿಡಿಸಿಕೊಂಡು ಹೋಗಿದ್ದಾರಾ ಕೇಳಿ. ದಾವಣಗೆರೆಯಲ್ಲಿ ನೀವೂ ಬಿಡಿಸಿ ಬನ್ನಿ, ಇಲ್ಲದಿದ್ದರೆ ಇಲ್ಲಿ ಅರ್ಜಿ ಮುಂದೆ ಹೋಗಲ್ಲ. ಹಳೇ ಬಿಲ್ ಬಾಕಿ ಇದೆಯೋ ಅಂತ ಕೊನೆಯ ಬಿಲ್ಲನ್ನೇ ಕೈಯಲ್ಲಿ ಹಿಡಿದು ನೋಡಿ.

ಕಡಗಂಚಿ ಬಸ್ಸು
ಭಾನುವಾರ, ಮಧ್ಯಾಹ್ನ 1:15

ನಡುವೆ ಬಾಯಿ ಹಾಕುತ್ತಿದ್ದೇನೆ. ನನಗೆ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ಕೆಲಸ. ದಿನಾ ಕಡಗಂಚಿಗೆ ಹೋಗಬೇಕು. ನನಗೆ ಯಾವ ಅರ ಕಾಕಾ?

ನಿವೃತ್ತ ಕಂಡಕ್ಟರ್
ಭಾನುವಾರ, ಮಧ್ಯಾಹ್ನ 1:40

ಆಳಂದ ರಸ್ತೆ. ಶಹಾಬಜಾರ ನಾಕಾದಿಂದ ಚೆಕ್‌ಪೋಸ್ಟ್‌ವರೆಗೆ ಎಲ್ಲಾದರೂ ನೋಡಿ. ಬಸ್ಸು ಮನೆ ಮುಂದೆಯೇ ಬರುತ್ತದೆ. ಸೇಡಂ ರಸ್ತೆಯಲ್ಲಿ ಮನೆ ಮಾಡಿ ಕಡಗಂಚಿಗೆ ಹೋಗುವ ಮಂದಿ ಇದ್ದಾರೆ, ದಿನಾ ಊರನ್ನು ಅಡ್ಡ ಸೀಳಿಕೊಂಡು. ಸುಮ್ನೆ ಶಿಕ್ಷೆ ಅದು.

ಟೀಚರಮ್ಮ
ಭಾನುವಾರ, ಸಂಜೆ 6:20

ಯಾರೂ ಹೇಳದ ಒಂದು ವಿಷಯ ಹೇಳುತ್ತೇನೆ. ನೀರು, ಬಿಸಿಲು ಎಲ್ಲ ನೀವು ಕೇಳೋಕೆ ಮುಂಚೆ ಮಾಲಕರು ಒಂದು ಪ್ರಶ್ನೆ ಕೇಳುತ್ತಾರೆ: ನೀವು ಯಾವ ಪೈಕಿ? ನಾನು ಹೈಸ್ಕೂಲ್ ಟೀಚರ್. ಸಂಬಳದ ಚೀಟಿ ತೋರಿಸಿದ್ದೇನೆ, ಶಾಲೆ ಹೆಸರು ಹೇಳಿದ್ದೇನೆ. ಆದರೂ ಮೂರು ಮನೆ ಬಾಗಿಲಲ್ಲೇ ಮುಚ್ಚಿದವು. ಒಬ್ಬರು ಅಡುಗೆಮನೆ ತೋರಿಸಿ, ಬಾಡಿಗೆ ಮಾತಾಡಿ, ಆಮೇಲೆ ಹೆಸರು ಕೇಳಿ, "ನಮ್ಮ ತಮ್ಮ ಬರುತ್ತಾನಂತೆ" ಅಂದರು. ಆ ತಮ್ಮ ಇನ್ನೂ ಬಂದಿಲ್ಲ, ಮನೆಗೆ ಟು-ಲೆಟ್ ಬೋರ್ಡ್ ಈಗಲೂ ಇದೆ.

ಶರಣರ ನಾಡು, ಬಂದೇ ನವಾಜ್‌ರ ನಾಡು ಅಂತ ಭಾಷಣದಲ್ಲಿ ಕೇಳಿ ಕೇಳಿ ಸಾಕಾಗಿದೆ. ಕೊನೆಗೆ ನನಗೆ ಮನೆ ಸಿಕ್ಕಿದ್ದು ನೌಕರರೇ ಜಾಸ್ತಿ ಇರುವ ಕಾಲೊನಿಯಲ್ಲಿ. ಮಾಲಕರಿಗೂ ವರ್ಗಾವಣೆ ಆಗಿತ್ತು, ಅವರೂ ಬೇರೆ ಊರಲ್ಲಿ ಬಾಡಿಗೆಗೆ ಇದ್ದವರು. ಅವರು ಕೇಳಿದ್ದು ಒಂದೇ: "ತಿಂಗಳ ಐದಕ್ಕೆ ಬಾಡಿಗೆ ಹಾಕ್ತೀರಲ್ವಾ?" ನಿಮಗೆ ಈ ಕಷ್ಟ ಬರದಿರಲಿ. ಬಂದರೆ ಅಲ್ಲೇ ವಾದ ಮಾಡುತ್ತಾ ನಿಲ್ಲಬೇಡಿ, ಬಿಸಿಲು ಏರುತ್ತೆ.

ರಾತ್ರಿ ಪಾಳಿ
ಭಾನುವಾರ, ಸಂಜೆ 7:05

ಟೀಚರಮ್ಮ, ನಮ್ಮ ಆಸ್ಪತ್ರೆಯ ಆಯಾ ಒಬ್ಬರಿಗೂ ಇದೇ ಆಯಿತು. ನಾವು ನಾಲ್ಕು ಜನ ಯೂನಿಫಾರಂನಲ್ಲೇ ಅವರ ಜೊತೆ ಹೋದೆವು, ಇನ್ನೊಂದು ಕಡೆ ಮನೆ ಸಿಕ್ಕಿತು. ದಾವಣಗೆರೆ ಅಕ್ಕಾ, ನಿಮಗೂ ಒಂದು ಉಪಾಯ. ಬ್ರೋಕರ್ ಬಿಡಿ, ಆಸ್ಪತ್ರೆಯ ಸೆಕ್ಯುರಿಟಿ ಅಣ್ಣಂದಿರನ್ನು, ಕ್ಯಾಂಟೀನಿನವರನ್ನು ಕೇಳಿ. ಯಾವ ಗಲ್ಲಿಯಲ್ಲಿ ಯಾವ ಮನೆ ಖಾಲಿ ಅಂತ ಅವರಿಗೆ ಮೊದಲು ಗೊತ್ತಿರುತ್ತದೆ. ಒಂದು ತಿಂಗಳ ಬಾಡಿಗೆಯಷ್ಟು ಕಮಿಷನ್ ಉಳಿಯುತ್ತದೆ.

ದಾವಣಗೆರೆಯವಳು
ಗುರುವಾರ, ರಾತ್ರಿ 8:45

ಹೋಗಿ ಬಂದೆವು. ಮಧ್ಯಾಹ್ನ ಮೂರಕ್ಕೇ ನೋಡಿದೆವು. ತಲೆ ಇನ್ನೂ ಸಿಡಿಯುತ್ತಿದೆ.

ಹೊಸ ಲೇಔಟ್ ಮನೆ: ಟೈಲ್ಸ್ ನಿಜಕ್ಕೂ ಚಂದ. ಪಡುವಣ ಗೋಡೆಗೆ ಕೈ ಇಟ್ಟೆ, ಹಿಂದಕ್ಕೆ ತೆಗೆದೆ. ಬೋರ್ ನೀರು ಬಾಯಿಗೆ ಹಾಕಿಕೊಂಡು ನಮ್ಮ ಯಜಮಾನರು ಮುಖ ಮಾಡಿದ್ದನ್ನು ನೀವು ನೋಡಬೇಕಿತ್ತು. ಬಾಗಿಲ ಮೂಲೆಯಲ್ಲಿ ಓರೆ ಗೆರೆ ಇತ್ತು. ಅಷ್ಟೇ.

ಬ್ರಹ್ಮಪುರದ ಹಳೇ ಮನೆಗೆ ಮನಸ್ಸು ಸೋತಿತ್ತು. ಎರಡಡಿ ದಪ್ಪ ಕಲ್ಲಿನ ಗೋಡೆ, ನೆಲಕ್ಕೆ ಶಹಾಬಾದ್ ಫರಸಿ, ಒಳಗೆ ಹೋದರೆ ತಂಪು. ಅಜ್ಜಿಯೊಬ್ಬರು ಕುಡಿಯೋಕೆ ಮಜ್ಜಿಗೆ ಕೊಟ್ಟರು. ಆರೂವರೆ ಸಾವಿರ. ಆದರೆ ಬಚ್ಚಲು, ಶೌಚಾಲಯ ಎರಡೂ ಅಂಗಳದ ಆಚೆ, ಮೂರು ಮನೆಗೆ ಸೇರಿ ಒಂದೇ. ರಾತ್ರಿ ಪಾಳಿ ಮುಗಿಸಿ ಬಂದು ಬೆಳಿಗ್ಗೆ ಸಾಲಲ್ಲಿ ನಿಲ್ಲೋಕೆ ನನಗಾಗಲ್ಲ. ಅಜ್ಜಿಗೆ ಹೇಳುವಾಗ ಬೇಜಾರಾಯಿತು.

ವೀರೇಂದ್ರ ಪಾಟೀಲ ಬಡಾವಣೆಯದು ನಾವು ಹೋಗುವಷ್ಟರಲ್ಲಿ ಹೋಗಿತ್ತು.

ಜಯನಗರದ ಮನೆ ಕೆಳಗಿನದು. ಮೇಲೆ ಮಾಲಕರ ಅಕ್ಕನ ಸಂಸಾರ. ಸಂಪು ಇದೆ, ಮೀಟರ್ ಬೇರೆ. ಪಕ್ಕದ ಮನೆಯವರನ್ನು ಕೇಳಿದೆ, ನಳ ನಾಲ್ಕು ದಿನಕ್ಕೊಮ್ಮೆ, ಬೇಸಿಗೆಯಲ್ಲಿ ಆರೂ ಆಗುತ್ತದೆ ಅಂದರು. ಮಾಲಕರು ಎರಡು ದಿನ ಅಂದಿದ್ದರು! ಅಡುಗೆಮನೆ ಚಿಕ್ಕದು, ಹಾಲ್‌ನಲ್ಲಿ ಹಗಲೂ ಲೈಟ್ ಬೇಕು. ಬಾಡಿಗೆ ಒಂಬತ್ತು ಅಂದವರು ಎಂಟೂವರೆಗೆ ಇಳಿದರು. ಐನೂರು ಜಾಸ್ತಿ ಆಯಿತು. ಆದರೆ ಆಸ್ಪತ್ರೆಗೆ ನಾನು ಬಸ್ಸಿನಲ್ಲಿ ಹೋಗುತ್ತೇನೆ, ಅದರಲ್ಲಿ ಉಳಿಯುತ್ತದೆ. ರಾತ್ರಿ ಇವರೇ ಬಂದು ಕರಕೊಂಡು ಹೋಗುವಷ್ಟು ಹತ್ತಿರ. ಕಪನೂರಿಗೂ ಹೋಗಿ ನೋಡಿದರು, ರಿಂಗ್ ರೋಡ್ ಮೇಲೆ ಕಷ್ಟವೇನಿಲ್ಲವಂತೆ. ಲಾರಿ ಎಣಿಸಿಕೊಂಡು ಬಂದರಂತೆ.

ಅಡ್ವಾನ್ಸ್ ಐವತ್ತು ಸಾವಿರ ಕೇಳುತ್ತಿದ್ದಾರೆ. ಜಾಸ್ತಿ ಅಲ್ವಾ?

ಮೀಟರ್ ನೋಡ್ರಿ
ಗುರುವಾರ, ರಾತ್ರಿ 9:10

ಇಲ್ಲಿಗೆ ಜಾಸ್ತಿಯೇ. ಬೆಂಗಳೂರಿನ ಹತ್ತು ತಿಂಗಳ ರೂಢಿ ನೋಡಿ ಇಲ್ಲೂ ಶುರು ಮಾಡಿದ್ದಾರೆ. ಮೂರು ನಾಲ್ಕು ತಿಂಗಳದ್ದು ಕೊಡುತ್ತೇವೆ ಅಂತ ಕೂತುಬಿಡಿ. ಕರಾರು ಹನ್ನೊಂದು ತಿಂಗಳದ್ದೇ ಮಾಡುತ್ತಾರೆ, ವರ್ಷ ದಾಟಿದರೆ ನೋಂದಣಿ ಮಾಡಿಸಬೇಕಲ್ಲ, ಅದಕ್ಕೆ. ಅದರಲ್ಲಿ ಎರಡು ಮಾತು ಬರೆಸಿ. ಖಾಲಿ ಮಾಡುವಾಗ ಬಣ್ಣಕ್ಕೆ ಎಷ್ಟು ಹಿಡಿಯುತ್ತಾರೆ, ಟ್ಯಾಂಕರ್ ತರಿಸಿದರೆ ದುಡ್ಡು ಯಾರದು. ನನ್ನ ಹಿಂದಿನ ಮಾಲಕರು ಬಣ್ಣಕ್ಕೆ ಅಂತ ಎರಡು ತಿಂಗಳ ಬಾಡಿಗೆ ಮುರಿದುಕೊಂಡರು. ಆ ಗೋಡೆ ನಾನು ಹೋದಾಗ ಇದ್ದ ಹಾಗೇ ಇದೆ, ಮೊನ್ನೆ ಕಿಟಕಿಯಿಂದ ನೋಡಿದೆ.

ನಿವೃತ್ತ ಕಂಡಕ್ಟರ್
ಶುಕ್ರವಾರ, ಬೆಳಿಗ್ಗೆ 6:00

ಚಲೋ ಆಯಿತು ತಂಗಿ. ಹೋಳಿ ಆದ ಐದನೇ ದಿನ ಶರಣಬಸವೇಶ್ವರರ ತೇರು. ಅವತ್ತು ಗುಡಿ ಕಡೆ ಬಸ್ಸಿನ ದಾರಿ ಬದಲಾಗುತ್ತದೆ, ಡ್ಯೂಟಿಗೆ ಅರ್ಧ ಗಂಟೆ ಮುಂಚೆ ಹೊರಡು. ಇಲ್ಲವೇ ರಜೆ ಹಾಕಿ ತೇರಿಗೇ ಬಾ.

ದಾವಣಗೆರೆಯವಳು
ಶನಿವಾರ, ಸಂಜೆ 5:30

ಅಡ್ವಾನ್ಸ್ ಮೂವತ್ತಕ್ಕೆ ಒಪ್ಪಿದರು. ಟ್ಯಾಂಕರ್ ದುಡ್ಡು ಅರ್ಧರ್ಧ ಅಂತ ಬರೆಸಿದ್ದೇವೆ. ಕೂಲರ್ ಮಾತ್ರ ಬಾಕಿ. ಹೊಸದು ತಗೊಳ್ಳಲಾ, ಹಳೆಯದು ಸಾಕಾ?

ಫರಸಿ ಕಲ್ಲು
ಶನಿವಾರ, ಸಂಜೆ 5:44

ತಗಡಿನ ಹಳೇ ಕೂಲರ್ ತಗೊಳ್ಳಿ, ಒಳಗಿನ ಹುಲ್ಲು ಹೊಸದು ಹಾಕಿಸಿ. ಕಿಟಕಿ ಹೊರಗೆ ನಿಲ್ಲಿಸಿ, ಕೋಣೆ ಒಳಗಿಟ್ಟರೆ ಬರೀ ಸೆಕೆ. ದಾವಣಗೆರೆಯಿಂದ ಬರುವಾಗ ಎರಡು ದೊಡ್ಡ ಡ್ರಮ್ ತನ್ನಿ.

ದಾವಣಗೆರೆಯವಳು
ಶನಿವಾರ, ಸಂಜೆ 6:02

ಡ್ರಮ್ ಕಟ್ಟಿ ಆಯಿತು, ಒಳಗೆ ಪಾತ್ರೆ ತುಂಬಿದ್ದೇನೆ. ಗಾಡಿ ನಾಳೆ ಬೆಳಗಿನ ಜಾವ ಹೊರಡುತ್ತೆ. ನಳ ಇವತ್ತು ರಾತ್ರಿಯಂತೆ. ಮೇಲಿನ ಮನೆ ಅಕ್ಕ ಫೋನ್ ಮಾಡಿದ್ದರು, ನೀವು ಬರೋದು ನಾಳೆಯಾದರೂ ಸಂಪು ನಾವು ತುಂಬಿಸಿಡ್ತೀವಿ ಅಂದರು.